ಹರಿದ ಕಿವಿಯವಳ ಬಾಕಿ ನಡಿಗೆ

ಆ ಬೆಳಿಗ್ಗೆ ಸೋನೆ ಹಿಡಿದಿತ್ತು. ಮಳೆಯೆಂದು ಕರೆಯುವಷ್ಟು ಹನಿಯಿರಲಿಲ್ಲ, ಬಿಸಿಲೆಂದು ಬಟ್ಟೆ ಒಣಹಾಕುವ ಹಾಗೂ ಇರಲಿಲ್ಲ. ಮೂಡಣದಿಂದ ಎದ್ದ ಗಾಳಿ ಊರ ನಡುವೆ ಬಂದು ದಿಕ್ಕು ಮರೆತವರ ಹಾಗೆ ಸುತ್ತುತ್ತಿತ್ತು. ಇಂಥ ಗಾಳಿಯಲ್ಲಿ ನಮ್ಮೂರಿನ ಬೇಟೆಗಾರರು ಕಾಡಿಗೆ ಹೋಗುವುದಿಲ್ಲ. ಮನುಷ್ಯನ ವಾಸನೆ ಎತ್ತ ಹೋಗಿ ಯಾರ ಮೂಗಿಗೆ ಬಡಿಯುತ್ತದೋ ಹೇಳಲು ಬಾರದು. ಹಾಗಾಗಿ ಅಂದು ಎಲ್ಲರೂ ಊರಲ್ಲೇ ಇದ್ದರು. ಬಸ್ಸು ನಿಲ್ಲುವ ಕಡೆಯ ಹಳೆಯ ಉಗ್ರಾಣದ ಗೋಡೆಗೆ ಯಾರೋ ನಸುಕಿನಲ್ಲೇ ಬಂದು ಜಾಹೀರಾತು ಅಂಟಿಸಿ ಹೋಗಿದ್ದನ್ನು ಹಾಗಾಗಿ ಎಲ್ಲರೂ ಒಟ್ಟಿಗೇ ನೋಡಿದರು.

ಎರಡಾಳೆತ್ತರದ ಚಿತ್ರ. ಹುರಿಮೀಸೆಯ ಗಂಡಸೊಬ್ಬ ಹೆಗಲ ಮೇಲೆ ಕೋವಿ ಇಟ್ಟುಕೊಂಡು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಕಾಲಿಗೆ ಕನ್ನಡಿಯಂತೆ ಹೊಳೆಯುವ ಕಂದು ಬೂಟು. ಆ ಬೂಟುಗಾಲು ಸತ್ತ ಕಾಡುಹಂದಿಯೊಂದರ ತಲೆಯ ಮೇಲಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ಒಂದೇ ಗುಂಡು. ಕೆಲಸ ಮುಗಿಯಿತು. ಕಾಡು ನಿಮ್ಮ ಕಾಲಡಿ.' ಸೋನೆಗೆ ಅಂಟು ಒಣಗದೆ ಮೇಲಿನ ಮೂಲೆ ಕಿತ್ತು ಬಂದು ಆ ನಗುವ ಮುಖ ಮತ್ತೆ ಮತ್ತೆ ಮುಂದಕ್ಕೆ ಬಾಗುತ್ತಿತ್ತು. ಓದಲು ಬರುವವರು ಓದಿದರು, ಬಾರದವರು ಕೇಳಿಸಿಕೊಂಡರು.

"ಕೆಲ್ಸ ಮುಗೀತಾ?" ಎಂದ ಸೂರಯ್ಯಜ್ಜ. ನಮ್ಮೂರ ಬೇಟೆಗಾರರಿಗೆಲ್ಲ ಹಿರಿಯ ಅವನು. ಯಾವ ಪ್ರಾಣಿಯನ್ನು ಹೊಡೆಯಬಹುದು, ಯಾವುದನ್ನು ಬಿಡಬೇಕು ಎಂದು ಅಪ್ಪಣೆ ಕೊಡುವವನು. "ಗುಂಡು ಬಿದ್ಮೇಲೆ ಕೆಲ್ಸ ಮುಗೀತಾ? ಯಾವನ್ಲಾ ಹಂಗಂದೋನು?"

ಅಜ್ಜ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮೂರಲ್ಲಿ ಗುಂಡು ಬಿದ್ದ ಮೇಲೆಯೇ ಕೆಲಸ ಶುರುವಾಗುವುದು. ಪ್ರಾಣಿ ಉರುಳಿದೊಡನೆ ಬೇಟೆಗಾರ ಹತ್ತಿರದ ನೀರಿಗೆ ಹೋಗಿ ಕೈ ತೊಳೆದು ಬರುತ್ತಾನೆ. ಬಂದು ಅದರ ಹಣೆ ಮುಟ್ಟುತ್ತಾನೆ. ಆ ಪ್ರಾಣಿ ಅಂದು ಇನ್ನೂ ನಡೆಯಬೇಕಿದ್ದ ನಡಿಗೆಯೆಲ್ಲ ಮುಟ್ಟಿದ ಕ್ಷಣ ಅವನ ಕಾಲಿಗೆ ಬರುತ್ತದೆ. ಅದು ಎಲ್ಲಿ ಮೇಯಬೇಕಿತ್ತೋ ಅಲ್ಲಿಗೆ, ಎಲ್ಲಿ ನೀರು ಕುಡಿಯಬೇಕಿತ್ತೋ ಅಲ್ಲಿಗೆ, ಯಾವ ಮರಕ್ಕೆ ಮೈ ಉಜ್ಜಬೇಕಿತ್ತೋ ಆ ಮರದ ತನಕ ಅವನು ನಡೆಯುತ್ತಾನೆ. ಸಂಜೆ ಅದು ಮಲಗಬೇಕಿದ್ದ ಜಾಗ ಬಂದಾಗ ಕಾಲು ತಾನಾಗಿ ನಿಲ್ಲುತ್ತದೆ. ಇದಕ್ಕೆ ಬಾಕಿ ನಡಿಗೆ ಎನ್ನುತ್ತೇವೆ. ಗುಂಪಿನ ಪ್ರಾಣಿಯಾದರೆ ಗುಂಪು ಕೂಗಳತೆಯಲ್ಲಿ ಹಿಂದೆ ಹಿಂದೆ ಬರುತ್ತದೆ. ಕಾಲು ನಿಂತ ಮೇಲೆ ಅದು ತನ್ನ ಪಾಡಿಗೆ ತಾನು ಹೋಗುತ್ತದೆ. ಆ ಮೇಲೆಯೇ ಊರಿನಲ್ಲಿ ಮಾಂಸ ಹಂಚುವುದು.

ನಮ್ಮ ಮನೆಗಳ ಹಿಂಬಾಗಿಲು ಮುಂಬಾಗಿಲಿಗೆ ನೆಟ್ಟಗೆ ಇರುವುದು ಇದಕ್ಕೇ. ಬೇರೆ ಊರಿಂದ ಬಂದ ಸೊಸೆಗೆ ಮೊದಲ ವಾರವೇ ಹೇಳಿಕೊಡುತ್ತೇವೆ: ಅಡುಗೆಮನೆಯೊಳಗಿಂದ ಯಾರಾದರೂ ಹಾದು ಹೋದರೆ ಒಲೆಯ ಮೇಲಿನ ಪಾತ್ರೆ ಸರಿಸು, ಮಾತಾಡಿಸಬೇಡ, ಅವರಿಗೆ ಈಗ ಕಿವಿಯಿಲ್ಲ. ಮೊಲ ಹೊಡೆಯುವವರು ನಮ್ಮಲ್ಲಿ ಕಡ್ಡಿಯ ಹಾಗೆ ಸಣಕಲಾಗಿರುತ್ತಾರೆ, ಅಷ್ಟು ಸುತ್ತಿಸುತ್ತದೆ ಅದು. ಹೊತ್ತು ಮುಳುಗುವಾಗ ಹೊಡೆದು ನಡಿಗೆ ಉಳಿಸಿಕೊಳ್ಳುವವನಿಗೆ ಹೆಣ್ಣು ಕೊಡುವುದಿಲ್ಲ. ಹಾರುವುದನ್ನು ಯಾರೂ ಹೊಡೆಯುವುದಿಲ್ಲ. ಹಿಂದೆ ಒಬ್ಬ ಹೊಡೆದಿದ್ದನಂತೆ. ಅವನಿಗೇನಾಯಿತೆಂದು ಎಷ್ಟು ಕೇಳಿದರೂ ನಮ್ಮಜ್ಜಿ ಹೇಳುತ್ತಿರಲಿಲ್ಲ.

ನಾನು ಬೊಮ್ಮಕ್ಕ. ಗಂಡ ತೀರಿದ ಮೇಲೆ ತಮ್ಮ ಪಾಲಯ್ಯನ ಮನೆಯಲ್ಲಿದ್ದೇನೆ. ಬಾಕಿ ನಡಿಗೆ ನಡೆಯುವವನ ಕಾಲು ನಿಲ್ಲುವುದಿಲ್ಲವಾದ್ದರಿಂದ ಅವನ ಹಿಂದೆ ಮನೆಯ ಹೆಂಗಸೊಬ್ಬಳು ನೀರು ಹಿಡಿದು ಹೋಗುತ್ತಾಳೆ. ಇಪ್ಪತ್ತಾರು ವರ್ಷ ಪಾಲಯ್ಯನ ಹಿಂದೆ ನಾನು ಹೋಗಿದ್ದೇನೆ. ಹಾಗೆ ನಡೆದು ನಡೆದು ಎಷ್ಟು ಜೀವಗಳ ಒಂದೊಂದು ಸಂಜೆಯನ್ನು ನೋಡಿದ್ದೇನೋ ಲೆಕ್ಕವಿಲ್ಲ. ಅಡವಿಯಮ್ಮನ ಪೂಜೆಯೆಂದರೆ ನನಗೆ ಅದೇ. ಅವಳ ಕಲ್ಲಿನ ಮುಂದೆ ಹಚ್ಚುವ ದೀಪ ಆಮೇಲಿನದು.

ಗೋಡೆಯ ಮುಂದೆ ಮಾತು ಏರಿತು.

"ನಗ್ತಾವ್ನೆ ನೋಡ್ರಪ್ಪ! ಸತ್ತೋರ ಮನೇಲಿ ಹಲ್ಲು ಕಿರಿಯೋನು!"

"ಕಾಲು ಎಲ್ಲಿಟ್ಟವ್ನೆ ನೋಡು. ನನ್ನ ಅಂಗಳದಾಗೆ ಹಿಂಗೆ ನಿಂತಿದ್ರೆ ಆ ಕಾಲು ಮುರಿದು ಕೈಗೆ ಕೊಡ್ತಿದ್ದೆ."

"ಒಬ್ನೇ ಹೋಗವ್ನೆ ಬೇಟೆಗೆ, ಜೊತೆಗೆ ಒಂದು ನರಪಿಳ್ಳೆ ಇಲ್ಲ. ಕೋವಿ ಹಿಡ್ದಿರೋದು ನೋಡು, ಮದ್ವೆ ಮನೇಲಿ ಕೊಡೆ ಹಿಡ್ದಂಗೆ."

ಬೋರಯ್ಯನ ನಾಲಿಗೆ ನಮ್ಮೂರಲ್ಲೇ ಹರಿತ. ಅವನು ಮೂಗು ಮುಂದೆ ಮಾಡಿ ಚಿತ್ರವನ್ನು ಮೂಸಿದ. "ಆ ಮೀಸೆ ಎಣ್ಣೆ, ಆ ಹೊಸ ಚರ್ಮದ ವಾಸ್ನೆ! ಇವ್ನು ಕಾಡಿಗೆ ಕಾಲಿಟ್ರೆ ಹಂದಿ ಹಂಗಿರ್ಲಿ, ಅದರ ಮೈಮೇಲಿನ ಉಣ್ಣೆಹುಳ ಸೈತ ಓಡೋಯ್ತದೆ."

ಜನ ನಕ್ಕರು. ನನಗೂ ನಗು ಬಂತು. ಆದರೆ ನಗುತ್ತಲೇ ಅವಮಾನವೂ ಆಯಿತು. ನಮ್ಮ ಮನೆಯ ಹೆಣವನ್ನು ಬೇರೆಯವರು ಸಿಂಗರಿಸಿ ಬೀದಿಯಲ್ಲಿ ಕೂರಿಸಿದ್ದರೆ ಹೇಗಾದೀತೋ ಹಾಗೆ.

ಬೋರಯ್ಯ ಕೋಲಿನಿಂದ ಆ ಬಾಗಿದ ಮೂಲೆಯನ್ನು ಮೇಲೆತ್ತಿ ಒತ್ತಿ ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ. "ಅಜ್ಜಾ, ಇಲ್ನೋಡು. ಇದು ಗಂಡಲ್ಲ. ಹೆಣ್ಣಂದಿ. ಕೋರೆ ಅಂಟಿಸವ್ರೆ!"

ಎಲ್ಲರೂ ಹತ್ತಿರ ಹೋದರು. ಹೌದು, ಮೊಲೆಯ ಸಾಲು ಕಾಣುತ್ತಿತ್ತು. ಬಾಯಿಯ ಎರಡು ಬದಿಗೂ ಗೇಣುದ್ದದ ಬಿಳಿಯ ಕೋರೆಗಳು. ಹೆಣ್ಣಿಗೆ ಎಲ್ಲಿಂದ ಬರಬೇಕು ಅಷ್ಟುದ್ದದ ಕೋರೆ? ಎಡಗಿವಿ ಮಾತ್ರ ತುದಿಯಿಂದ ಬುಡದವರೆಗೆ ಸೀಳಿತ್ತು. ಆ ಕಿವಿಯನ್ನು ಗುರುತಿಸದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಹರಿದ ಕಿವಿಯವಳು ಹತ್ತು ಹನ್ನೆರಡು ವರ್ಷ ತನ್ನ ಗುಂಪಿಗೆ ದಾರಿ ತೋರಿಸಿದವಳು. ಈಚೆಗೆ ಎಡ ಹಿಂಗಾಲಿನ ಸ್ವಾಧೀನ ತಪ್ಪಿ ಗುಂಪಿನ ಕೊನೆಗೆ ಕುಂಟುತ್ತ ಬರುತ್ತಿದ್ದಳು. ನರಳುವುದು ಬೇಡವೆಂದು ಸೂರಯ್ಯಜ್ಜನೇ ಅಪ್ಪಣೆ ಕೊಟ್ಟಿದ್ದ. ಹೊಡೆದವನು ಪಾಲಯ್ಯ. ಹದಿಮೂರು ದಿನದ ಹಿಂದಿನ ಮಾತು.

ಎಲ್ಲರೂ ತಿರುಗಿ ಪಾಲಯ್ಯನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಅವ್ಳ ನಡಿಗೆ ನಡ್ದೆಯೇನ್ಲಾ?" ಎಂದು ಅಜ್ಜ ಕೇಳಿದ.

ಪಾಲಯ್ಯ ನನ್ನ ಕಡೆ ನೋಡಿದ. ಅಂದು ಅವನು ಮಧ್ಯಾಹ್ನಕ್ಕೆ ಮುಂಚೆಯೇ ಮನೆಗೆ ಬಂದಿದ್ದ. ನಾನು ನೀರು ತುಂಬಿಕೊಂಡು ಹೊರಡುವಷ್ಟರಲ್ಲಿ, 'ಮುದುಕಿ ಅಲ್ವೇನಕ್ಕಯ್ಯ, ನಡಿಗೆ ಚಿಕ್ಕದಿತ್ತು, ಮುಗೀತು' ಎಂದಿದ್ದ. ಮಾಂಸ ಕೆಟ್ಟಿತೆಂದು ಹೇಳಿ ಹೂತು ಬಂದಿದ್ದ. ನಾನು ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ ಮರುಪ್ರಶ್ನೆ ಹಾಕಲಿಲ್ಲ ಎನ್ನುವುದು ನಿಜ.

"ಇಲ್ಲ ಅಜ್ಜ," ಎಂದ ಪಾಲಯ್ಯ. "ನಡಿಗೆ ನನ್ನ ಕಾಲಿಗೆ ಬರ್ಲೇ ಇಲ್ಲ."

ಅಲ್ಲೇ, ಸೋನೆಯಲ್ಲೇ ನಿಂತು ಎಲ್ಲ ಹೇಳಿದ. ಬೂಟಿನ ಕಂಪನಿಯವರಿಗೆ ಜಾಹೀರಾತು ಮಾಡಿಕೊಡುವ ನಂದಗೋಪಾಲ ಎಂಬವನು ಜೀಪಿನಲ್ಲಿ ಬಂದಿದ್ದ. ಜೊತೆಗೆ ಕ್ಯಾಮೆರಾದವರು, ಜಯದೇವ ಎಂಬ ನಟ. ನಿಜವಾದ ಬೇಟೆ ನೋಡಬೇಕು, ದೂರದಿಂದ ಚಿತ್ರ ತೆಗೆದುಕೊಳ್ಳುತ್ತೇವೆ ಅಂದರು. ನಮ್ಮ ಬೇಟೆಯ ಮರ್ಯಾದೆಯನ್ನು ನಾಲ್ಕು ಜನ ನೋಡಲಿ ಎಂದು ಪಾಲಯ್ಯ ಒಪ್ಪಿದ. ಹಂದಿ ಬಿತ್ತು. ಪದ್ಧತಿಯಂತೆ ಅವನು ಕೈ ತೊಳೆಯಲು ಹಳ್ಳಕ್ಕೆ ಇಳಿದ. ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಬಿದ್ದ ಪ್ರಾಣಿಯನ್ನು ಬೇರೆ ಯಾರಾದರೂ ಮುಟ್ಟಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ.

"ನಾನು ತಿರುಗಿ ಬರೋ ಹೊತ್ಗೆ ಅವ್ನು ಎರಡೂ ಕೈಲಿ ಅವ್ಳ ತಲೆ ಹಿಡ್ದು ಕ್ಯಾಮೆರಾ ಕಡೆ ತಿರುಗಿಸ್ತಿದ್ದ. ಆಮೇಲೆ ಕಾಲಿಟ್ಟ. ನಗು ಅಂದ್ರು, ನಕ್ಕ. ಹಂಗೇ ನಗ್ತಾ ಇದ್ದೋನು, ಕಾಲು ಯಾಕೋ ಎಳೀತಾ ಇದೆ ಅಂದ. ಬಿಸಿಲು ಬಡೀತು ಅಂತ ನಾಕು ಜನ ಎತ್ತಿ ಜೀಪಿಗೆ ಹಾಕ್ಕೊಂಡು ಹೋದ್ರು. ಜೀಪಿನೊಳಗೂ ಅವನ ಕಾಲು ಆಡ್ತಾನೇ ಇತ್ತು. ನಾನು ಅವ್ಳ ಹಣೆ ಮುಟ್ಟಿದೆ ಅಜ್ಜ. ಎಷ್ಟು ಸಲ ಮುಟ್ಟಿದೆ. ನನ್ನ ಕಾಲು ನನ್ನದಾಗೇ ಇತ್ತು."

ಕೆರೆಯಾಚೆ ಕಾಡಿನ ಅಂಚಿನಲ್ಲಿ ಆ ಗುಂಪು ಹದಿಮೂರು ದಿನದಿಂದ ಯಾಕೆ ನಿಂತಿದೆ ಎಂದು ಊರಿಗೆ ಆಗ ಅರ್ಥವಾಯಿತು. ಆರು ದೊಡ್ಡವು, ಒಂಬತ್ತು ಮರಿ. ಸರಿಯಾಗಿ ಮೇಯುತ್ತಿರಲಿಲ್ಲ, ಒಳಗೂ ಹೋಗುತ್ತಿರಲಿಲ್ಲ. ದಾರಿ ತೋರಿಸುವವಳ ಕೊನೆಯ ನಡಿಗೆಗೆ ಕಾಯುತ್ತ ನಿಂತಿದ್ದವು. ನಡಿಗೆ ಮಾತ್ರ ಜೀಪು ಹತ್ತಿ ಪಟ್ಟಣಕ್ಕೆ ಹೋಗಿತ್ತು.

ಸೂರಯ್ಯಜ್ಜ ಕೆರೆಯ ಕಡೆ ನೋಡಿದ. ಆಮೇಲೆ ಹೇಳಿದ: "ನಿನ್ನ ಕೋವಿ ಅಮ್ಮನ ಕಲ್ಲಿಗೆ ಒರಗ್ಸು. ಅವ್ಳ ನಡಿಗೆ ಮುಗಿಯೋಗಂಟ ನೀನು ಮುಟ್ಟಂಗಿಲ್ಲ, ಊರ ಪಂಕ್ತೀಲಿ ಕೂರಂಗಿಲ್ಲ. ಆ ಗುಂಪಿನಾಗೆ ಒಂದು ಮರಿ ಸತ್ರೂ ಆ ಕೋವಿ ಇನ್ನು ನಿಂದಲ್ಲ." ನಂತರ ಉಳಿದವರ ಕಡೆ ತಿರುಗಿದ. "ಕಾಯ್ತಿರೋ ಗುಂಪಿನ ಮುಂದೆ ಯಾರೂ ಕೋವಿ ಎತ್ತಂಗಿಲ್ಲ. ಎಲ್ರಿಗೂ ಸೇರಿಸೇ ಹೇಳ್ತಿದೀನಿ."

ಇಬ್ಬರು ಮೂವರು ಜಾಹೀರಾತನ್ನು ಕಿತ್ತೆಸೆಯಲು ಮುಂದಾದರು. ಒಬ್ಬ ಸಗಣಿಯನ್ನೂ ತಂದಿದ್ದ. ಅಜ್ಜ ತಡೆದ. "ಹರಿದ್ರೆ ಇವ್ನ ಮಖ ಹೋಯ್ತದೆ, ಅಷ್ಟೇ. ಅವ್ಳ ನಡಿಗೆ ಬರ್ತದಾ? ಇರ್ಲಿ ಬಿಡ್ರಿ. ನೋಡ್ತಾ ನೋಡ್ತಾ ಸಿಟ್ಟು ಆರದಂಗೆ ಇರ್ಲಿ."

ಮೂರನೆಯ ದಿನ ಪಾಲಯ್ಯ, ಬೋರಯ್ಯ, ನಾನು ಪಟ್ಟಣಕ್ಕೆ ಹೋದೆವು. ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಇದ್ದ ವಿಳಾಸವನ್ನು ಬೋರಯ್ಯ ಬರೆದುಕೊಂಡಿದ್ದ. ಮೂರು ಮಹಡಿ ಹತ್ತಿಸಿದರು. ಗಾಜಿನ ಕೋಣೆಯೊಳಗೆ ನಂದಗೋಪಾಲ ಕೂತಿದ್ದ. ಕೆಟ್ಟವನ ಹಾಗೆ ಕಾಣಲಿಲ್ಲ. ಎದ್ದು ನಿಂತು ಕೈಮುಗಿದ, ಕಾಫಿ ತರಿಸಿದ. ಗೋಡೆಯ ತುಂಬ ಅವನು ಮಾಡಿದ ಚಿತ್ರಗಳು. ಒಂದರಲ್ಲಿ ಬೆಸ್ತನೊಬ್ಬ ಒಂದು ಹನಿ ಬೆವರಿಲ್ಲದೆ ನಗುತ್ತಿದ್ದ, ಇನ್ನೊಂದರಲ್ಲಿ ಕಮ್ಮಾರನೊಬ್ಬ ಬಿಳಿಯ ಅಂಗಿ ಹಾಕಿಕೊಂಡಿದ್ದ.

"ನಿಮ್ಮೂರಲ್ಲಿ ಜಾಹೀರಾತು ನೋಡಿದ್ರಾ? ಹೇಗಿದೆ?" ಎಂದು ಖುಷಿಯಿಂದ ಕೇಳಿದ.

"ಹೆಣ್ಣಂದಿಗೆ ಕೋರೆ ಯಾಕೆ ಅಂಟಿಸಿದ್ರಿ ಸ್ವಾಮಿ?" ಎಂದ ಬೋರಯ್ಯ.

"ಕೋರೆ ಇಲ್ದಿದ್ರೆ ನೋಡೋರಿಗೆ ಭಯ ಹೇಗೆ ಬರತ್ತೆ? ಭಯ ಇಲ್ದಿದ್ರೆ ಗೆದ್ದ ಹಾಗೆ ಹೇಗೆ ಅನ್ಸತ್ತೆ?"

"ನಿಮ್ಮ ಗಂಡಸಿನ ಮೀಸೆ?"

ನಂದಗೋಪಾಲ ಸ್ವಲ್ಪ ತಡವರಿಸಿದ. "ಅದೂ ಅಂಟಿಸಿದ್ದೇ."

"ಸರಿ ಬಿಡಿ, ಲೆಕ್ಕ ಸರಿಹೋಯ್ತು," ಎಂದು ಬೋರಯ್ಯ ಕಾಫಿ ಲೋಟ ಕೆಳಗಿಟ್ಟ.

ನಾನು ಬಾಕಿ ನಡಿಗೆಯ ವಿಷಯ ಹೇಳಿದೆ. ಗುಂಪು ನಿಂತಿರುವುದನ್ನು, ಮರಿಗಳು ಸೊರಗುತ್ತಿರುವುದನ್ನು, ತಮ್ಮನ ಕೋವಿ ಕಲ್ಲಿಗೆ ಒರಗಿರುವುದನ್ನು ಹೇಳಿದೆ. ಅವನು ಗಲ್ಲಕ್ಕೆ ಕೈ ಕೊಟ್ಟು ಕೇಳಿದ. ಇಷ್ಟು ಗಮನವಿಟ್ಟು ಕೇಳುವವನಿಗೆ ಅರ್ಥವಾಗುತ್ತದೆ ಎಂದುಕೊಂಡೆ.

"ಅಮ್ಮಾ, ನಿಮ್ಮ ಮಾತು ಸರಿ. ಆದ್ರೆ ದಾರೀಲಿ ಹೋಗೋನು ಜಾಹೀರಾತು ನೋಡೋದು ಒಂದು ಕ್ಷಣ. ಒಂದು ಕ್ಷಣದಲ್ಲಿ ಒಂದಿಡೀ ದಿನದ ನಡಿಗೆ ನಾನು ಎಲ್ಲಿ ತೋರಿಸ್ಲಿ? ಜನಕ್ಕೆ ಗೆಲುವು ಬೇಕು. ಗೆದ್ದೋನು ನಗ್ತಾನೆ. ಇದರಲ್ಲಿ ನಿಮ್ಮನ್ನು ಅವಮಾನ ಮಾಡೋ ಉದ್ದೇಶ ನಂಗೆ ಖಂಡಿತಾ ಇಲ್ಲ. ನಿಮ್ಮನ್ನು ವೀರರು ಅಂತಾನೇ ತೋರಿಸಿದೀನಲ್ಲ!"

ನನಗೆ ಸಾಮಾನ್ಯವಾಗಿ ಸಿಟ್ಟು ಬರುವುದಿಲ್ಲ. ಬಂದರೂ ಅಮ್ಮನ ಹೆಸರು ಹೇಳಿ ನುಂಗುತ್ತೇನೆ. ಅಂದು ಹೆಸರು ಹೇಳಿದೆ, ನುಂಗಲಾಗಲಿಲ್ಲ.

"ಸ್ವಾಮಿ, ನಾವು ಕೊಲ್ಲೋ ಜನ. ಅದನ್ನ ಮುಚ್ಚಿಡಕ್ಕೆ ಇಲ್ಲಿಗೆ ಬಂದಿಲ್ಲ. ನೀವು ನಮ್ಮನ್ನ ಪಾಪಿಗಳು ಅಂತ ಬರೆದಿದ್ರೆ ತಲೆ ತಗ್ಗಿಸ್ಕೊಂಡು ಹೋಗ್ತಿದ್ದೆ. ಕಟುಕರು ಅಂದಿದ್ರೂ ಅಮ್ಮ ನೋಡ್ಕೋತಾಳೆ ಅಂತಿದ್ದೆ. ನೀವು ಬರ್ದಿರೋದು ನಾವು ನಗ್ತಾ ಕೊಂದ್ವಿ ಅಂತ. ನಮ್ಮ ತಾತ ಮುತ್ತಾತನ ಕಾಲದಿಂದ ಒಬ್ಬನೂ ನಕ್ಕಿಲ್ಲ ಸ್ವಾಮಿ. ಕೊಂದ ದಿನ ನಮ್ಮನೇಲಿ ಮಕ್ಕಳಿಗೆ ಜೋಗುಳ ಹಾಡಲ್ಲ. ಆ ಒಂದು ನಗು ನೀವು ನಮ್ಮ ಮುಖಕ್ಕೆ ಹಾಕಿದ್ರಲ್ಲ, ಅದನ್ನ ಯಾವ ನೀರಲ್ಲಿ ತೊಳ್ಕೋಬೇಕು ನಾವು?"

ಅವನು ಎದುರಿಗಿದ್ದ ಹಾಳೆಯ ಮೇಲೆ ಏನೋ ಗೀಚಿದ. ಕಣ್ಣು ಮಿನುಗಿತು. "ಬಾಕಿ ನಡಿಗೆ," ಎಂದ. "ಎಂಥ ಮಾತಮ್ಮ ಇದು! ಮುಂದಿನ ಜಾಹೀರಾತಿಗೆ ಇದನ್ನೇ ಹಾಕ್ತೀನಿ. 'ಬಾಕಿ ನಡಿಗೆಗೂ ನಮ್ಮದೇ ಬೂಟು.' ನಿಮ್ಮ ತಮ್ಮನ್ನೇ ನಿಲ್ಲಿಸೋಣ, ನಿಜವಾದ ಮುಖ!"

ಪಾಲಯ್ಯ ಎದ್ದು ನಿಂತ. ನನ್ನ ತಮ್ಮ ಮನುಷ್ಯನ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೋರಯ್ಯ ಆ ಕೈ ಹಿಡಿದು ಕೆಳಗಿಳಿಸಿದ.

"ಅವ್ನೆಲ್ಲವ್ನೆ?" ಎಂದ ಪಾಲಯ್ಯ. "ಜಯದೇವ. ಅಷ್ಟು ಹೇಳಿ, ಹೋಯ್ತೀವಿ."

ನಂದಗೋಪಾಲನಿಗೆ ಈಗ ಹೆದರಿಕೆಯಾಗಿತ್ತು. ಜಯದೇವನಿಗೆ ಹುಷಾರಿಲ್ಲ, ಮನೆ ಎಲ್ಲಿದೆಯೆಂದು ಹೇಳುವ ಹಾಗಿಲ್ಲ, ಎಂದ. ಬೆಳಕು ಹರಿದರೆ ಕಾಲು ತಾನೇ ಹೊರಡುತ್ತದಂತೆ. ನಡೆದು ನಡೆದು ಗೋಡೆಗೆ ಹಣೆ ಬಡಿಸಿಕೊಳ್ಳುತ್ತಾನಂತೆ. ಕುಂಟುತ್ತಾನಂತೆ. ವೈದ್ಯರು ನೋಡಿ ಏನೂ ಇಲ್ಲ ಎಂದರಂತೆ.

"ಎಡಗಾಲು," ಎಂದೆ ನಾನು.

"ನಿಮಗೆ ಹೇಗೆ ಗೊತ್ತು?"

"ಅವರಿಗೆ ಹೇಳಿ. ಅದು ಕಾಯಿಲೆ ಅಲ್ಲ. ಅವರ ಕಾಲು ಎಲ್ಲಿಗೆ ಹೋಗ್ತೀನಿ ಅಂತದೋ ಅಲ್ಲಿಗೆ ಬಿಟ್ಟುಕೊಡಲಿ ಅಂತ ಹೇಳಿ. ಇನ್ನೇನೂ ಬೇಡ."

ಹೇಳುತ್ತೇನೆ ಎಂದ. ನಾವು ಮೆಟ್ಟಿಲು ಇಳಿಯುವಾಗ ಗಾಜಿನ ಕೋಣೆಯಿಂದ ನಗು ಕೇಳಿಸಿತು.

ಊರಿಗೆ ಬಂದ ಮೇಲೆ ದಿನಗಳು ಭಾರವಾದವು. ಪಾಲಯ್ಯ ಗೆಡ್ಡೆ ಗೆಣಸು ಅಗೆದು ತಂದು ಗುಂಪಿನ ಮುಂದೆ ಸುರಿಯುತ್ತಿದ್ದ. ಹಂದಿಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಅವನು ಊಟವನ್ನು ಹಿತ್ತಿಲಲ್ಲಿ ನಿಂತು ಮಾಡುತ್ತಿದ್ದ, ಅರ್ಧ ನಾಯಿಗೆ ಹೋಗುತ್ತಿತ್ತು. ಬೇಟೆಯಿಲ್ಲದ ಬೇಟೆಗಾರರು ಉಗ್ರಾಣದ ಎದುರು ಕೂತು ದಿನವೂ ಆ ಚಿತ್ರಕ್ಕೆ ಬೈಯುತ್ತಿದ್ದರು. ಮೊದಮೊದಲು ಬೈಗುಳದಲ್ಲಿ ತಮಾಷೆಯಿತ್ತು. ಆಮೇಲೆ ಬರಿಯ ಬೈಗುಳ ಉಳಿಯಿತು. ಬಸ್ಸಿನಿಂದ ಇಳಿದ ಪರವೂರಿನವನೊಬ್ಬ ಚಿತ್ರ ನೋಡಿ, 'ನೀವೆಲ್ಲ ಹಿಂಗೇನಾ, ಭಾರಿ ಮಜಾ ಬಿಡ್ರಿ' ಎಂದನಂತೆ. ಅವನಿಗೆ ಏಟು ಬೀಳದೆ ಹೋದದ್ದು ಅವನ ತಾಯಿಯ ಪುಣ್ಯ. ನಾನು ಅಮ್ಮನ ಕಲ್ಲಿನ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದೆ. ಸಿಟ್ಟಿನ ಕೈಯಿಂದ ಹೊಸೆದ ಬತ್ತಿ ನೆಟ್ಟಗೆ ಉರಿಯುವುದಿಲ್ಲ. ತಾಯಿ, ಈ ಸಿಟ್ಟು ತೆಗೆ ಎಂದು ಕೇಳಲು ಹೋಗಿ, ತೆಗೆಯಬೇಡ, ಇದು ನ್ಯಾಯವಾದದ್ದು ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಹರಿದ ಕಿವಿಯವಳು ಬಿದ್ದ ಹತ್ತೊಂಬತ್ತನೆಯ ದಿನ ಒಂದು ಮರಿ ಕಾಲು ಮಡಿಸಿ ಬಿತ್ತು. ಸತ್ತಿರಲಿಲ್ಲ. ಪಾಲಯ್ಯ ಸಂಜೆಯವರೆಗೆ ಅದನ್ನೇ ನೋಡುತ್ತ ದೂರದಲ್ಲಿ ಕೂತಿದ್ದ. ಹತ್ತಿರ ಹೋಗಿ ಅದನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ.

ಇಪ್ಪತ್ತನೆಯ ಬೆಳಿಗ್ಗೆ ಮೊದಲ ಬಸ್ಸಿನಿಂದ ಒಬ್ಬ ಇಳಿದ. ತೆಳ್ಳನೆಯ ಸಾಧಾರಣ ಮನುಷ್ಯ, ಮೀಸೆಯಿಲ್ಲ, ಬರಿಗಾಲು, ಹಣೆಯ ತುಂಬ ಬಡಿಸಿಕೊಂಡ ಕಲೆ. ಅವನದೇ ಎರಡಾಳೆತ್ತರದ ಚಿತ್ರದ ಕೆಳಗೆ ನಿಂತಿದ್ದರೂ ಯಾರೂ ಗುರುತು ಹಿಡಿಯಲಿಲ್ಲ. ಎರಡು ಹೆಜ್ಜೆ ಇಟ್ಟ. ಎಡಗಾಲು ಎಳೆಯಿತು. ಆ ಕುಂಟು ನನಗೆ ಗೊತ್ತಿತ್ತು.

"ಹರಿದ ಕಿವಿಯವಳು," ಎಂದೆ.

ಕೂತಿದ್ದವರೆಲ್ಲ ಎದ್ದರು. ಒಬ್ಬ ಕಲ್ಲನ್ನೂ ಎತ್ತಿಕೊಂಡ. ಜಯದೇವ ಓಡಲಿಲ್ಲ. ಕಾಲು ಎಳೆಯುತ್ತಿದ್ದುದರಿಂದ ಬಸ್ಸಿನ ಏಣಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದ.

"ನಿಮ್ಮ ಮಾತನ್ನ ನಂದಗೋಪಾಲ ನಗುತ್ತಾ ಹೇಳಿದ," ಎಂದ. "ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೊಬ್ಬ ನಗ್ಲಿಲ್ಲ. ಎಲ್ಲಿಂದ ಶುರು ಮಾಡ್ಬೇಕು ಹೇಳಿ. ತುಂಬಾ ದಿನದಿಂದ ಈ ಕಾಲನ್ನ ಹಿಡ್ಕೊಂಡಿದ್ದೀನಿ. ಇನ್ನು ಆಗಲ್ಲ."

ಪಾಲಯ್ಯ ಅವನ ಎದುರಿಗೆ ಹೋಗಿ ನಿಂತ. ತಮ್ಮನ ಮುಖ ನೋಡಿ ನಾನು ಕಣ್ಣು ಮುಚ್ಚಿದೆ. ಏಟಿನ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟಾಗ ಪಾಲಯ್ಯ ಕೈ ಎತ್ತಿ ಕೆರೆಯಾಚೆಯ ಕಾಡನ್ನು ತೋರಿಸುತ್ತಿದ್ದ. "ಏಣಿ ಬಿಡು. ಅವ್ಳೇ ಕರ್ಕೊಂಡು ಹೋಯ್ತಾಳೆ."

"ಬಾಗ್ಲು ತೆಗೀರೋ!" ಎಂದು ಸೂರಯ್ಯಜ್ಜ ಕೂಗಿದ.

ನಾನು ನೀರು ತುಂಬಿಕೊಂಡು ಹಿಂದೆ ಹೊರಟೆ. ಮೊದಲು ಜಯದೇವ ಹರಿದ ಕಿವಿಯವಳು ಬಿದ್ದ ಜಾಗಕ್ಕೆ ಹೋದ. ಯಾರೂ ದಾರಿ ಹೇಳಿರಲಿಲ್ಲ. ಅಲ್ಲಿ ಒಂದು ಸುತ್ತು ತಿರುಗಿ ಹೊರಟ. ಬಿದಿರುಮೆಳೆಯ ಅಂಚಿನಲ್ಲಿ ಹಂದಿಗಳು ತಲೆಯೆತ್ತಿದವು. ಬಿದ್ದಿದ್ದ ಮರಿ ಮುಂಗಾಲು ಊರಿ ಎದ್ದಿತು. ಗುಂಪು ನಮ್ಮ ಹಿಂದೆ ಕೂಗಳತೆಯಲ್ಲಿ ಬರತೊಡಗಿತು. ಕಟ್ಟಕಡೆಗೆ, ಅವುಗಳಿಗೂ ಹಿಂದೆ, ಪಾಲಯ್ಯ.

ನಡಿಗೆ ಚಿಕ್ಕದಾಗಿರಲಿಲ್ಲ. ಮುದುಕಿ ಅಂದು ಬಹಳ ನಡೆಯಬೇಕಿತ್ತು. ಕೆರೆಯ ಕೆಸರಿನಲ್ಲಿ ಅವನು ಮೊಣಕಾಲವರೆಗೆ ಇಳಿದ. ಹೊಲದ ಬದುವಿನಲ್ಲಿ ಕೂತು ಬರಿಗೈಯಿಂದ ಮಣ್ಣು ಕೆದರಿದ, ಉಗುರಿನಿಂದ ರಕ್ತ ಬಂತು. ಅವನು ಕೆದರಿ ಬಿಟ್ಟಲ್ಲಿ ಮರಿಗಳು ಬಂದು ಗೆಡ್ಡೆ ತಿಂದವು. ಇಪ್ಪತ್ತು ದಿನದಲ್ಲಿ ಅವು ಬಾಯಿ ಆಡಿಸಿದ್ದನ್ನು ಅಂದೇ ನಾನು ನೋಡಿದ್ದು. ಮಧ್ಯಾಹ್ನ ನಡಿಗೆ ಊರೊಳಗೆ ಬಂತು. ಹಿಂದೆ ಅಲ್ಲಿ ಹಂದಿಗಳ ಹಳೆಯ ದಾರಿಯಿತ್ತಂತೆ. ಈಗ ಬೋರಯ್ಯನ ಮನೆಯಿದೆ. ಅಡುಗೆಮನೆಯಲ್ಲಿ ಅವನ ಹೆಂಡತಿ ಕುದಿಯುವ ಸಾರಿನ ಪಾತ್ರೆ ಎತ್ತಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

"ಕ್ಷಮಿಸಿ ಅಕ್ಕಾ," ಎಂದ ಜಯದೇವ ಹಾದು ಹೋಗುತ್ತ.

"ಮಾತಾಡಬ್ಯಾಡ ಕಣಪ್ಪ, ನಡಿ," ಎಂದಳು ಅವಳು.

ಅಲ್ಲಿಂದ ದಾರಿ ಉಗ್ರಾಣದ ಮುಂದೆ ಹಾಯುತ್ತಿತ್ತು. ಗೋಡೆಯ ಮೇಲಿಂದ ಅವನ ಮುಖವೇ ನಗುತ್ತಿತ್ತು, ಅವನ ಕಾಲೇ ಅವಳ ತಲೆಯ ಮೇಲಿತ್ತು. ಅವನು ತಲೆ ಎತ್ತಿ ನೋಡಿದ. ನಿಲ್ಲುವ ಹಾಗಿರಲಿಲ್ಲ, ಮುಖ ಮುಚ್ಚಿಕೊಳ್ಳಲೂ ಹೋಗಲಿಲ್ಲ. ನೋಡುತ್ತಲೇ ದಾಟಿದ. ಬೀದಿಯಲ್ಲಿ ನಿಂತ ಬೇಟೆಗಾರರು ಬದಿಗೆ ಸರಿದು ದಾರಿ ಬಿಟ್ಟರು. ಬೆಳಿಗ್ಗೆ ಕಲ್ಲು ಎತ್ತಿಕೊಂಡಿದ್ದವನು ಅದನ್ನು ಸದ್ದಾಗದಂತೆ ಕೆಳಗಿಟ್ಟ.

ಇಷ್ಟರಿಂದ ನನ್ನ ಸಿಟ್ಟು ಇಳಿಯಿತೆಂದು ಯಾರೂ ತಿಳಿಯಬಾರದು. ಆ ಚಿತ್ರವನ್ನು ಆ ಕಂಪನಿ ಇನ್ನೂ ಎಷ್ಟೋ ಊರುಗಳ ಗೋಡೆಗೆ ಅಂಟಿಸಿದೆಯಂತೆ. ಅದನ್ನು ನೋಡಿದವರಿಗೆಲ್ಲ ನಾವು ನಗುತ್ತ ಕೊಲ್ಲುವವರೇ. ಅದಕ್ಕೆ ಉತ್ತರ ಕೊಡಬೇಕಾದವನು ಗಾಜಿನ ಕೋಣೆಯಲ್ಲಿ ಕೂತಿದ್ದಾನೆ, ಅವನ ಕಾಲಿಗೆ ಯಾವ ನಡಿಗೆಯೂ ಬಂದಿಲ್ಲ. ಆದರೆ ಎದುರಿಗೆ ಕುಂಟುತ್ತ ನಡೆಯುತ್ತಿದ್ದವನ ಬಾಯಿಗೆ ನಾನು ಅಂದು ಏಳು ಸಲ ನೀರು ಹಿಡಿದೆ.

ಹೊತ್ತು ಇಳಿಯುವಾಗ ಕಾಡಿನೊಳಗೆ, ಬಂಡೆಯೊಂದರ ಮರೆಯಲ್ಲಿ, ಅವನ ಕಾಲು ನಿಂತಿತು. ಅಲ್ಲಿ ಒಂದು ಹಂದಿ ಮಲಗುವಷ್ಟು ತಗ್ಗು, ತಗ್ಗಿನಲ್ಲಿ ಒಣಹುಲ್ಲು. ಅವನು ಅದರಲ್ಲಿ ಮೈ ಮುದುಡಿಕೊಂಡು ಮಲಗಿದ. ಒಂದು ದೊಡ್ಡ ಉಸಿರು ಹೊರಗೆ ಬಂತು. ಅದು ಮನುಷ್ಯನ ಉಸಿರಿನ ಹಾಗಿರಲಿಲ್ಲ. ಗುಂಪು ಸುತ್ತ ಬಂದು ನಿಂತಿತು. ಪಾಲಯ್ಯ ನನ್ನ ಪಕ್ಕಕ್ಕೆ ಬಂದು ಕೈಮುಗಿದು ನಿಂತ.

ಸ್ವಲ್ಪ ಹೊತ್ತಿನ ಮೇಲೆ ಜಯದೇವ ಎದ್ದ. ಈಗ ಕಾಲು ಅವನದಾಗಿತ್ತು, ಕುಂಟಿರಲಿಲ್ಲ. ನಮ್ಮ ಕಡೆ ನೋಡಲಿಲ್ಲ. ಮೊಣಕಾಲೂರಿ, ತನ್ನ ಭಾರಕ್ಕೆ ಅಮುಕಿಹೋದ ಹುಲ್ಲನ್ನು ರಕ್ತ ಹೆಪ್ಪುಗಟ್ಟಿದ ಬೆರಳುಗಳಿಂದ ಒಂದೊಂದಾಗಿ ಎತ್ತಿ ಸರಿಮಾಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಜಾಗ ಬಿಟ್ಟು ನಿಂತ. ಗುಂಪಿನಲ್ಲಿ ಮುಂದಿದ್ದ ಎಳೆಯ ಹೆಣ್ಣುಹಂದಿ ತಗ್ಗಿನ ಅಂಚಿಗೆ ಬಂದು ಮೂಸಿತು. ಎರಡು ಸಲ ಸುತ್ತು ಹಾಕಿ, ಒಳಗಿಳಿದು ಮಲಗಿತು.